ಐರ್ಲೆಂಡಿನ ಸಮಾಜವನ್ನು ಬೇರೆ ಸಮಾಜದ ಜೊತೆ ಹೋಲಿಸುವುದು ಹೇಗೆ

ಮೈಸೂರು, ಧಾರವಾಡ, ಕಲಬುರಗಿ ಕಡೆಯ ಸಮಾಜಶಾಸ್ತ್ರದ ವಿದ್ಯಾರ್ಥಿಗಳು ನನಗೆ ಆಗಾಗ ಬರೆಯುತ್ತಾರೆ. "ಅಕ್ಕ, ನೀವು ಐರ್ಲೆಂಡಿನಲ್ಲೇ ಇದ್ದೀರಲ್ಲ, ನನ್ನ ಪ್ರಬಂಧಕ್ಕೆ ಸ್ವಲ್ಪ ದಾರಿ ತೋರಿಸಿ" ಅಂತ. ವಿಷಯ ಏನು ಎಂದು ಕೇಳಿದರೆ ಹೆಚ್ಚುಕಮ್ಮಿ ಒಂದೇ ಉತ್ತರ: ಭಾರತೀಯ ಕುಟುಂಬ ಮತ್ತು ಪಾಶ್ಚಾತ್ಯ ಕುಟುಂಬ, ಒಂದು ತೌಲನಿಕ ಅಧ್ಯಯನ. ಅವರಿಗೆ ನಾನು ಮೊದಲು ಹೇಳುವುದು ಇಷ್ಟೇ. 'ಪಾಶ್ಚಾತ್ಯ' ಅನ್ನುವುದನ್ನು ಹೊಡೆದುಹಾಕಿ, ಆಮೇಲೆ ಮಾತಾಡೋಣ.

ಯಾಕೆಂದರೆ ಐರ್ಲೆಂಡ್ ಆ ಪೆಟ್ಟಿಗೆಯೊಳಗೆ ಕೂರುವುದಿಲ್ಲ. ನೂರಾರು ವರ್ಷ ಬ್ರಿಟಿಷರ ಕೈಕೆಳಗೆ ಇದ್ದ ನಾಡು ಇದು. 1845ರಿಂದ ಶುರುವಾದ ಆಲೂಗಡ್ಡೆ ಕ್ಷಾಮದಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಇನ್ನೂ 10 ಲಕ್ಷಕ್ಕಿಂತ ಜಾಸ್ತಿ ಜನ ಹಡಗು ಹತ್ತಿದರು. 1841ರಲ್ಲಿ ಇಡೀ ದ್ವೀಪದಲ್ಲಿ 80 ಲಕ್ಷ ಮೀರಿ ಜನ ಇದ್ದರು. ಆ ಸಂಖ್ಯೆಯನ್ನು ಇವತ್ತಿಗೂ ಮುಟ್ಟಿಲ್ಲ. ಯುರೋಪಿನಲ್ಲಿ ಇಂಥ ಇನ್ನೊಂದು ದೇಶ ಸಿಗುವುದು ಕಷ್ಟ.

ನಾನು ಮಾನಸಗಂಗೋತ್ರಿಯಲ್ಲಿ ಎಂ.ಎ. ಮಾಡಿದವಳು. ಈಗ ಕೌಂಟಿ ಕ್ಲೇರ್‌ನ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಎನಿಸ್ ಊರಿನಲ್ಲಿ ವಯಸ್ಸಾದವರ ನರ್ಸಿಂಗ್ ಹೋಮ್ ಒಂದರಲ್ಲಿ ಕೇರ್ ಅಸಿಸ್ಟೆಂಟ್. ಓದಿದ್ದು ಬೇರೆ, ಮಾಡುವ ಕೆಲಸ ಬೇರೆ ಅಂತ ಮನೆಯವರು ಬೇಜಾರು ಮಾಡಿಕೊಳ್ಳುತ್ತಾರೆ. ನನಗೆ ಹಾಗೆ ಅನ್ನಿಸಿಲ್ಲ. ನಾನು ಬೆಳಗ್ಗೆ ಎಬ್ಬಿಸಿ ಚಹಾ ಕೊಡುವ ಅಜ್ಜ ಅಜ್ಜಿಯರ ಅಪ್ಪಂದಿರ ಮನೆಗಳಿಗೆ, 1930ರ ದಶಕದಲ್ಲಿ, ಅಮೆರಿಕದ ಹಾರ್ವರ್ಡ್‌ನಿಂದ ಸಂಶೋಧಕರು ನೋಟ್‌ಬುಕ್ ಹಿಡಿದು ಬಂದಿದ್ದರು. ಈ ವಿಷಯ ಕಲಿಯಲು ನನಗೆ ಇದಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ.

ದೇಶ ಬೇಡ, ಒಂದು ಪ್ರಶ್ನೆ ಇಟ್ಟುಕೊಳ್ಳಿ

ಎರಡು ದೇಶಗಳನ್ನು ಅಕ್ಕಪಕ್ಕ ನಿಲ್ಲಿಸಿದರೆ ಸಿಗುವುದು ಬರೀ ಪಟ್ಟಿ. ಅವರು ಹೀಗೆ, ನಾವು ಹಾಗೆ ಅಂತ. ಅದರಿಂದ ಏನೂ ಗೊತ್ತಾಗುವುದಿಲ್ಲ. ಎರಡೂ ಕಡೆ ಕೇಳಬಹುದಾದ ಒಂದೇ ಒಂದು ಪ್ರಶ್ನೆ ಬೇಕು. ನಾನು ಎಲ್ಲರಿಗೂ ಕೊಡುವ ಉದಾಹರಣೆ ಇದು: ಅಪ್ಪನ ಜಮೀನು ಯಾರಿಗೆ ಹೋಗುತ್ತದೆ, ಉಳಿದ ಮಕ್ಕಳು ಏನಾಗುತ್ತಾರೆ?

ಕ್ಲೇರ್‌ಗೆ ಬಂದ ಆ ಸಂಶೋಧಕರಲ್ಲಿ ಮುಖ್ಯರಾದವರು ಕಾನ್ರಾಡ್ ಆರೆನ್ಸ್‌ಬರ್ಗ್ ಮತ್ತು ಸೊಲೊನ್ ಕಿಂಬಲ್. ಕೊರೊಫಿನ್ ಹತ್ತಿರದ ರಿನ್ನಮೋನದಂಥ ಸಣ್ಣ ಹಳ್ಳಿಗಳಲ್ಲೂ ನಮ್ಮ ಎನಿಸ್‌ನಲ್ಲೂ ಅವರು ಕೆಲಸ ಮಾಡಿದರು. ಅವರು ಬರೆದದ್ದನ್ನು ಓದಿದರೆ ನಮ್ಮವರಿಗೆ ಆಶ್ಚರ್ಯ ಆಗುತ್ತದೆ. ಮದುವೆ ಕುದುರಿಸುವ ದಲ್ಲಾಳಿ ಇದ್ದ. ಹುಡುಗಿಯ ಕಡೆಯವರು ಬಂದು ಹುಡುಗನ ಜಮೀನನ್ನು ಸುತ್ತಾಡಿ ನೋಡುತ್ತಿದ್ದರು. ಎಷ್ಟು ಹಸು, ಯಾವ ತರದ ಮಣ್ಣು, ನೀರು ಎಲ್ಲಿ ನಿಲ್ಲುತ್ತದೆ, ಎಲ್ಲವನ್ನೂ. ವರದಕ್ಷಿಣೆಯೂ ಇತ್ತು. ಆ ದುಡ್ಡು ಹುಡುಗನ ಅಪ್ಪನ ಕೈಗೆ ಹೋಗುತ್ತಿತ್ತು. ಆತ ಅದರಲ್ಲಿ ತನ್ನ ಮಗಳೊಬ್ಬಳ ಮದುವೆ ಮಾಡುತ್ತಿದ್ದ, ಇಲ್ಲವೇ ಉಳಿದ ಮಕ್ಕಳನ್ನು ಹೊರದೇಶಕ್ಕೆ ಕಳಿಸುತ್ತಿದ್ದ. ಸೊಸೆ ಬಂದ ಮೇಲೆ ಮುದುಕ ಮುದುಕಿ ಮನೆಯ ಪಶ್ಚಿಮದ ಕೋಣೆಗೆ ಹೋಗಿ, ಒಲೆಯನ್ನೂ ಲೆಕ್ಕವನ್ನೂ ಕಿರಿಯರಿಗೆ ಬಿಟ್ಟುಕೊಡುತ್ತಿದ್ದರು.

ಇಲ್ಲಿಯವರೆಗೆ ಮಂಡ್ಯದ ಕಥೆ ಹೇಳಿದ ಹಾಗೇ ಇದೆ, ಅಲ್ವಾ? ಈಗ ಬೇರೆಯಾಗುವ ಒಂದೇ ಜಾಗ ನೋಡಿ. ಕ್ಲೇರ್‌ನಲ್ಲಿ ಜಮೀನು ಒಡೆಯುತ್ತಿರಲಿಲ್ಲ. ಒಬ್ಬ ಮಗನಿಗೆ ಪೂರ್ತಿ. ಕ್ಷಾಮಕ್ಕೆ ಮುಂಚೆ ತುಂಡು ತುಂಡು ಮಾಡಿ ಹಂಚಿಕೊಂಡು, ಆಲೂಗಡ್ಡೆಯೊಂದನ್ನೇ ನಂಬಿ ಬದುಕಿದವರು ಸತ್ತುಹೋಗಿದ್ದರು. ಉಳಿದವರು ಹಂಚುವುದನ್ನೇ ನಿಲ್ಲಿಸಿದರು. ನಮ್ಮಲ್ಲಿ ಆಗ ಗಂಡುಮಕ್ಕಳಿಗೆಲ್ಲ ಪಾಲು ಇತ್ತು. ಬೇರೆ ಕಾರಣಗಳೂ ಇವೆ, ಆದರೆ ಈ ಒಂದು ವ್ಯತ್ಯಾಸದಿಂದ ಹೊರಡುವ ಸರಪಣಿ ತುಂಬಾ ಉದ್ದ. ಐರ್ಲೆಂಡಿನಲ್ಲಿ ಜಮೀನು ಸಿಗದ ಮಕ್ಕಳು ಬಾಸ್ಟನ್, ನ್ಯೂಯಾರ್ಕ್, ಲಂಡನ್ ಸೇರಿದರು. ಜಮೀನು ಸಿಗುವವನು ಅಪ್ಪ ಬಿಟ್ಟುಕೊಡುವ ತನಕ ಕಾದ, ನಲವತ್ತು ದಾಟಿದರೂ ಊರಿನ ಲೆಕ್ಕದಲ್ಲಿ ಹುಡುಗನಾಗಿಯೇ ಉಳಿದ. 1926ರ ಗಣತಿಯಲ್ಲಿ 45ರಿಂದ 54 ವಯಸ್ಸಿನ ಗಂಡಸರಲ್ಲಿ ಹೆಚ್ಚುಕಮ್ಮಿ ಮೂವರಲ್ಲಿ ಒಬ್ಬರಿಗೆ, ಹೆಂಗಸರಲ್ಲಿ ನಾಲ್ವರಲ್ಲಿ ಒಬ್ಬರಿಗೆ ಮದುವೆಯೇ ಆಗಿರಲಿಲ್ಲ. ಅದೇ ಕಾಲದ ಮೈಸೂರು ಸೀಮೆಯಲ್ಲಿ ಮದುವೆಯಾಗದೆ ಉಳಿಯುವವರೇ ಅಪರೂಪ.

ಒಳ್ಳೆಯ ಹೋಲಿಕೆ ಅಂದರೆ ಇದು. ಬಹಳಷ್ಟು ಒಂದೇ ತರ ಇದ್ದು, ಒಂದು ಕಡೆ ಮಾತ್ರ ಬೇರೆಯಾಗಬೇಕು. ಆಗ ಆ 'ಒಂದು' ಎಷ್ಟು ಕೆಲಸ ಮಾಡುತ್ತದೆ ಎಂದು ಕಾಣುತ್ತದೆ. "ಅವರು ವ್ಯಕ್ತಿವಾದಿಗಳು, ನಾವು ಕುಟುಂಬವಾದಿಗಳು" ಎಂದು ಬರೆದಿದ್ದರೆ ಇದರಲ್ಲಿ ಒಂದು ಸಾಲೂ ನಿಮಗೆ ಸಿಗುತ್ತಿರಲಿಲ್ಲ.

ಇನ್ನೊಂದು ಅನುಕೂಲ ಇದೆ. 1948ರಲ್ಲಿ ನಮ್ಮ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಮೈಸೂರು ಹತ್ತಿರದ ಹಳ್ಳಿಯೊಂದರಲ್ಲಿ ಉಳಿದು, ಅದಕ್ಕೆ ರಾಂಪುರ ಎಂದು ಹೆಸರಿಟ್ಟು ಬರೆದರು. ಅವರಿಗೆ ಆಕ್ಸ್‌ಫರ್ಡ್‌ನಲ್ಲಿ ಪಾಠ ಹೇಳಿದವರು ಬ್ರಿಟನ್ನಿನ ಮಾನವಶಾಸ್ತ್ರಜ್ಞ ರ‍್ಯಾಡ್‌ಕ್ಲಿಫ್ ಬ್ರೌನ್. ಕ್ಲೇರ್‌ಗೆ ಅಮೆರಿಕನ್ನರನ್ನು ಕಳಿಸಿದ ಲಾಯ್ಡ್ ವಾರ್ನರ್ ಕೂಡ ಅದೇ ಬ್ರೌನ್ ಅವರ ಪ್ರಭಾವದಲ್ಲಿ ಬೆಳೆದವರು. ಹಾಗಾಗಿ ರಾಂಪುರವನ್ನೂ ಕ್ಲೇರ್‌ನ್ನೂ ಒಟ್ಟಿಗೆ ಓದಬಹುದು. ಎರಡೂ ಕಡೆ ಕೇಳಿದ ಪ್ರಶ್ನೆಗಳು ಒಂದೇ ಗರಡಿಯವು. ಎಚ್ಚರಿಕೆಯೂ ಅಲ್ಲೇ ಇದೆ. ಊರು ಅಂದರೆ ಎಲ್ಲ ಅಂಗಗಳೂ ಹೊಂದಿಕೊಂಡು ನಡೆಯುವ ವ್ಯವಸ್ಥೆ ಎಂದು ಆ ಗರಡಿ ನೋಡುತ್ತಿತ್ತು. ಜಗಳ, ಸಾಲ, ಸಣ್ಣ ರೈತ ದೊಡ್ಡ ರೈತರ ನಡುವಿನ ತಿಕ್ಕಾಟ ಮಸುಕಾಗಿಬಿಡುತ್ತವೆ. 1973ರಲ್ಲಿ ಪೀಟರ್ ಗಿಬ್ಬನ್ ಕ್ಲೇರ್ ಅಧ್ಯಯನವನ್ನು ಇದೇ ಕಾರಣಕ್ಕೆ ಗಟ್ಟಿಯಾಗಿ ಟೀಕಿಸಿದರು. ಆ ಟೀಕೆಯನ್ನು ಓದದೆ ಮೂಲವನ್ನು ಉಲ್ಲೇಖಿಸಬೇಡಿ.

ಯಾರ ಜೊತೆ ಹೋಲಿಸಬೇಕು?

ಮೊದಲು ಐರ್ಲೆಂಡನ್ನು ಐರ್ಲೆಂಡಿನ ಜೊತೆಗೇ ಹೋಲಿಸಿ. 1961ರಲ್ಲಿ ಗಣರಾಜ್ಯದ ಜನಸಂಖ್ಯೆ 28 ಲಕ್ಷಕ್ಕೆ ಇಳಿದಿತ್ತು. 2022ರಲ್ಲಿ 51 ಲಕ್ಷ ದಾಟಿತು, ಐವರಲ್ಲಿ ಒಬ್ಬರು ಬೇರೆ ದೇಶದಲ್ಲಿ ಹುಟ್ಟಿದವರು. 1973ರ ತನಕ ಸರ್ಕಾರಿ ನೌಕರಿಯಲ್ಲಿದ್ದ ಹೆಂಗಸು ಮದುವೆಯಾದರೆ ಕೆಲಸ ಬಿಡಬೇಕಿತ್ತು. ವಿಚ್ಛೇದನಕ್ಕೆ ದಾರಿಯಾದದ್ದು 1995ರ ಜನಮತದಲ್ಲಿ, ಅದೂ ಕೂದಲೆಳೆ ಅಂತರದಲ್ಲಿ. 2015ರಲ್ಲಿ ಶೇ. 62 ಜನ ಸಲಿಂಗ ಮದುವೆಗೆ ಹೌದು ಅಂದರು. ಇಪ್ಪತ್ತು ವರ್ಷದ ಅಂತರ ಅಷ್ಟೇ. 'ಐರಿಷ್ ಸಮಾಜ' ಎಂದು ಬರೆಯುವಾಗ ಪಕ್ಕದಲ್ಲಿ ಇಸವಿ ಹಾಕದಿದ್ದರೆ ಆ ವಾಕ್ಯಕ್ಕೆ ಅರ್ಥವೇ ಇಲ್ಲ.

ಆಮೇಲೆ ಉತ್ತರ ಐರ್ಲೆಂಡ್. ಇದು ಸಮಾಜಶಾಸ್ತ್ರಕ್ಕೆ ಸಿಕ್ಕ ದೊಡ್ಡ ಅವಕಾಶ, ನಮ್ಮವರು ಯಾಕೋ ಮುಟ್ಟುವುದೇ ಇಲ್ಲ. ಒಂದೇ ದ್ವೀಪ, ಒಂದೇ ಕ್ಷಾಮದ ನೆನಪು, ಅದೇ ಗೇಲಿಕ್ ಫುಟ್‌ಬಾಲ್. 1921ರಿಂದ ಆಡಳಿತ ಮಾತ್ರ ಬೇರೆ, ಉತ್ತರ ಬ್ರಿಟನ್ನಿನ ಕೈಯಲ್ಲೇ ಉಳಿಯಿತು. ಉತ್ತರದಲ್ಲಿ ಡಾಕ್ಟರನ್ನು ನೋಡಲು ದುಡ್ಡು ಕೊಡಬೇಕಿಲ್ಲ. ಇಲ್ಲಿ ಮೆಡಿಕಲ್ ಕಾರ್ಡ್‌ನಂಥ ಉಚಿತ ಚಿಕಿತ್ಸೆಯ ಸರ್ಕಾರಿ ಕಾರ್ಡ್ ಇಲ್ಲದವರು ಜೇಬಿನಿಂದ ಕೊಡಬೇಕು. ಇನ್ನೂ ಚೆನ್ನಾದ ಹೋಲಿಕೆ ಗರ್ಭಪಾತ ಮತ್ತು ಸಲಿಂಗ ಮದುವೆಯದ್ದು. ದಕ್ಷಿಣದಲ್ಲಿ ಜನ ವೋಟು ಹಾಕಿ ಬದಲಿಸಿದರು. ಉತ್ತರದಲ್ಲಿ 2019ರಲ್ಲಿ ಲಂಡನ್ನಿನ ಸಂಸತ್ತು ಬದಲಿಸಿತು. ಕಾನೂನು ಕೊನೆಗೆ ಒಂದೇ ಕಡೆ ಬಂತು, ಬಂದ ದಾರಿ ಬೇರೆ. ದಾರಿ ಬೇರೆಯಾದರೆ ಆಮೇಲೆ ಸಮಾಜದಲ್ಲಿ ಏನು ಬೇರೆಯಾಗುತ್ತದೆ? ಒಂದು ಪೂರ್ತಿ ಪ್ರಬಂಧಕ್ಕೆ ಸಾಕಾಗುವ ಪ್ರಶ್ನೆ.

ಮೂರನೆಯದು, ಐರ್ಲೆಂಡಿನ ಹಾಗೇ ಕ್ಯಾಥೊಲಿಕ್ ಆದ ನಾಡುಗಳು. ಪೋಲೆಂಡ್ ಅಥವಾ ಕೆನಡಾದ ಕ್ವಿಬೆಕ್. ಕ್ವಿಬೆಕ್‌ನಲ್ಲಿ 1960ರ ದಶಕದಲ್ಲಿ ಸರ್ಕಾರ ಶಾಲೆ, ಆಸ್ಪತ್ರೆಗಳನ್ನು ಚರ್ಚಿನಿಂದ ತನ್ನ ಕೈಗೆ ತೆಗೆದುಕೊಂಡಿತು, ಜನರೂ ಬಹುಬೇಗ ಚರ್ಚಿನಿಂದ ದೂರವಾದರು. ಐರ್ಲೆಂಡಿನಲ್ಲಿ ಜನ ಮದುವೆ, ಗರ್ಭಧಾರಣೆಯ ವಿಷಯದಲ್ಲಿ ಚರ್ಚಿನ ಮಾತು ಕೇಳುವುದನ್ನು ಬಿಟ್ಟರು. ಆದರೆ ಪ್ರಾಥಮಿಕ ಶಾಲೆಗಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಇವತ್ತಿಗೂ ಕ್ಯಾಥೊಲಿಕ್ ಚರ್ಚಿನ ಪೋಷಕತ್ವದಲ್ಲೇ ಇವೆ. ಟೀಚರ್ ಸಂಬಳ ಸರ್ಕಾರದ್ದು, ಕಟ್ಟಡ ಮತ್ತು ಜಾಗ ಹೆಚ್ಚಾಗಿ ಚರ್ಚಿನದು. ಮನೆಯ ಮೇಲಿನ ಹಿಡಿತ ಹೋಗಿ ಶಾಲೆಯ ಮೇಲಿನ ಹಿಡಿತ ಹೇಗೆ ಉಳಿಯಿತು? ನನ್ನ ಉತ್ತರ: ಬಡ ಹೊಸ ಸರ್ಕಾರ ತಾನು ಕಟ್ಟಲಾಗದ್ದನ್ನೆಲ್ಲ ಚರ್ಚಿಗೆ ಬಿಟ್ಟಿತು. ನಂಬಿಕೆ ಒಂದು ತಲೆಮಾರಿನಲ್ಲಿ ಕರಗಬಹುದು, ಆಸ್ತಿಪತ್ರ ಕರಗುವುದಿಲ್ಲ.

ಇಷ್ಟಾದ ಮೇಲೆ ಕರ್ನಾಟಕಕ್ಕೆ ಬನ್ನಿ. ಅಷ್ಟು ಹೊತ್ತಿಗೆ ನಿಮ್ಮ ಪ್ರಶ್ನೆ ಹರಿತವಾಗಿರುತ್ತದೆ.

ಮನೆಯಲ್ಲೇ ಕೂತು ಮಾಡಬಹುದಾದ ಕೆಲಸ

ವೀಸಾ ಬೇಡ, ವಿಮಾನದ ಖರ್ಚು ಬೇಡ. ಐರ್ಲೆಂಡಿನ ರಾಷ್ಟ್ರೀಯ ಪತ್ರಾಗಾರದವರು 1901 ಮತ್ತು 1911ರ ಗಣತಿಯ ಮನೆಮನೆಯ ಹಾಳೆಗಳನ್ನು ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಇಟ್ಟಿದ್ದಾರೆ. ಅದಕ್ಕೂ ಹಳೆಯವು ಹೆಚ್ಚುಕಡಿಮೆ ಎಲ್ಲ ನಾಶವಾಗಿವೆ, ಒಂದಷ್ಟು 1922ರಲ್ಲಿ ಡಬ್ಲಿನ್ನಿನ ದಾಖಲೆ ಕಚೇರಿ ಸುಟ್ಟಾಗ.

ಮೊದಲು ಕೌಂಟಿ ಆರಿಸಿ, ಆಮೇಲೆ ಅದರೊಳಗಿನ ವಿಭಾಗ, ಆಮೇಲೆ ಹಳ್ಳಿ. ಒಂದು ಸಣ್ಣ ಹಳ್ಳಿಯ ಎಲ್ಲ ಮನೆಗಳನ್ನೂ ಒಂದು ಸ್ಪ್ರೆಡ್‌ಶೀಟ್‌ಗೆ ಇಳಿಸಿ. 1911ರ ಹಾಳೆಯಲ್ಲಿ ವಯಸ್ಸು, ಧರ್ಮ, ಓದು ಬರಹ, ಕಸುಬು, ಐರಿಷ್ ಭಾಷೆ ಬರುತ್ತದೆಯೇ ಎಂಬುದೆಲ್ಲ ಇದೆ. ಮದುವೆಯಾದ ಹೆಂಗಸರಿಗೆ ಮೂರು ಪ್ರಶ್ನೆ ಜಾಸ್ತಿ: ಮದುವೆಯಾಗಿ ಎಷ್ಟು ವರ್ಷ, ಹುಟ್ಟಿದ ಮಕ್ಕಳು ಎಷ್ಟು, ಈಗ ಬದುಕಿರುವವರು ಎಷ್ಟು. ಕೊನೆಯ ಎರಡು ಅಂಕಿಗಳ ನಡುವಿನ ಅಂತರವನ್ನು ಒಂದೊಂದೇ ಮನೆಗೆ ಲೆಕ್ಕ ಹಾಕಿ. ಕೆಲವು ಮನೆಗಳಲ್ಲಿ ಕೈ ನಿಂತುಬಿಡುತ್ತದೆ. ಇನ್ನೊಂದು ಹಾಳೆಯಲ್ಲಿ ಮನೆಯ ಗೋಡೆ, ಮಾಡು, ಮುಂಭಾಗದ ಕಿಟಕಿಗಳ ಎಣಿಕೆ ಇದೆ, ಅದರಿಂದ ಬಡವರು ಉಳ್ಳವರ ಅಂದಾಜು ಸಿಗುತ್ತದೆ. ಮದುವೆಯಾಗದ ಅಣ್ಣತಮ್ಮ ಅಕ್ಕತಂಗಿಯರು ಒಟ್ಟಿಗೆ ಬಾಳುವ ಮನೆಗಳನ್ನು ಬೇರೆ ಬಣ್ಣದಲ್ಲಿ ಗುರುತಿಸಿ. ಮೇಲೆ ಹೇಳಿದ ಜಮೀನಿನ ಕಥೆ ಅಲ್ಲಿ ಹೆಸರು ಸಮೇತ ಕೂತಿರುತ್ತದೆ.

ಇದರ ಜೊತೆಗೆ 1937ರಿಂದ 1939ರ ನಡುವೆ ಶಾಲಾಮಕ್ಕಳು ತಮ್ಮೂರ ಹಿರಿಯರನ್ನು ಕೇಳಿ ಬರೆದ ಜಾನಪದ ಸಂಗ್ರಹವೂ ಇಂಟರ್‌ನೆಟ್‌ನಲ್ಲಿದೆ. ಮಕ್ಕಳ ಕೈಬರಹವೇ ಕಾಣುತ್ತದೆ. ಈಗಿನ ಕಾಲಕ್ಕೆ ಕೇಂದ್ರ ಅಂಕಿಅಂಶ ಕಚೇರಿಯ 2022ರ ಗಣತಿ. ಬೇರೆ ಯುರೋಪಿನ ದೇಶಗಳ ಜೊತೆ ನೋಡಬೇಕಾದರೆ ಯುರೋಪಿಯನ್ ಸೋಶಿಯಲ್ ಸರ್ವೆ.

ಮೋಸ ಮಾಡುವ ಅಂಕಿಗಳು

ತಲಾ ಜಿಡಿಪಿ ಹಿಡಿದು ಐರ್ಲೆಂಡನ್ನು ಯಾವ ದೇಶದ ಜೊತೆಗೂ ಹೋಲಿಸಬೇಡಿ. 2015ರಲ್ಲಿ ಇಲ್ಲಿಯ ಜಿಡಿಪಿ ಶೇ. 26 ಬೆಳೆಯಿತು ಎಂದು ಪ್ರಕಟವಾಯಿತು. ಬಹುರಾಷ್ಟ್ರೀಯ ಕಂಪನಿಗಳು ತೆರಿಗೆ ಲಾಭಕ್ಕೆ ತಮ್ಮ ಪೇಟೆಂಟು, ಆಸ್ತಿಗಳನ್ನು ಇಲ್ಲಿಯ ಲೆಕ್ಕಕ್ಕೆ ತಂದಿದ್ದವು, ಅಷ್ಟೇ. ಎನಿಸ್‌ನ ಯಾರ ಸಂಬಳವೂ ಆ ವೇಗದಲ್ಲಿ ಏರಲಿಲ್ಲ. ಅದಕ್ಕೇ ಅಂಕಿಅಂಶ ಕಚೇರಿಯವರು ಮಾರ್ಪಡಿಸಿದ ರಾಷ್ಟ್ರೀಯ ಆದಾಯ ಎಂಬ ಬೇರೆ ಅಳತೆ ಮಾಡಿದ್ದಾರೆ. ಅದನ್ನು ಬಳಸಿ.

ಭಾಷೆಯ ಅಂಕಿಯೂ ಹಾಗೇ. 2022ರಲ್ಲಿ ಸುಮಾರು 18.7 ಲಕ್ಷ ಜನ ತಮಗೆ ಐರಿಷ್ ಬರುತ್ತದೆ ಅಂದರು. ಶಾಲೆಯ ಹೊರಗೆ ದಿನವೂ ಮಾತಾಡುವವರು 72 ಸಾವಿರದಷ್ಟು. ಯಾವ ಪ್ರಶ್ನೆಗೆ ಯಾವ ಅಂಕಿ ಎಂದು ನೋಡದೆ ಕನ್ನಡದ ಸ್ಥಿತಿ ಜೊತೆ ಹೋಲಿಸಿದರೆ ಎರಡೂ ಭಾಷೆಗೆ ಅನ್ಯಾಯ. ಕ್ಯಾಥೊಲಿಕರು ಶೇ. 69 ಎಂಬುದೂ ಚರ್ಚಿಗೆ ಹೋಗುವವರ ಲೆಕ್ಕ ಅಲ್ಲ.

ಜನರ ಹತ್ತಿರ ಹೋಗುವಾಗ

ಇಲ್ಲಿಗೆ ಬರುವ ಅವಕಾಶ ಸಿಕ್ಕರೆ ಪಬ್‌ನಿಂದ ಶುರು ಮಾಡಬೇಡಿ. ಎಲ್ಲರೂ ಅದನ್ನೇ ಮಾಡುತ್ತಾರೆ. ಸಾವಿನ ಮನೆ ಮತ್ತು ಆಟದ ಮೈದಾನ ನೋಡಿ. ಇಲ್ಲಿ ಯಾರಾದರೂ ತೀರಿಕೊಂಡರೆ ಎರಡು ಮೂರು ದಿನದಲ್ಲಿ ಮಣ್ಣು. ಇಂಗ್ಲೆಂಡಿನಲ್ಲಿ ವಾರಗಟ್ಟಲೆ ಆಗುವುದುಂಟು. ಸಾವಿನ ಸುದ್ದಿ ಹಾಕಲೆಂದೇ ಒಂದು ವೆಬ್‌ಸೈಟ್ ಇದೆ, ಬೆಳಗ್ಗೆ ಕಾಫಿ ಜೊತೆ ಅದನ್ನು ನೋಡುವವರು ಎಷ್ಟೋ ಜನ. ಸತ್ತವರ ಪರಿಚಯವೇ ಇಲ್ಲದಿದ್ದರೂ ಅವರ ಮಗಳ ಜೊತೆ ಕೆಲಸ ಮಾಡುತ್ತೇವೆ ಎಂಬ ಕಾರಣಕ್ಕೆ ಹೋಗಿ ಸಾಲಿನಲ್ಲಿ ನಿಂತು ಕೈಕುಲುಕಿ ಬರುತ್ತಾರೆ. ಯಾರು ಬಂದರು, ಯಾರು ಬರಲಿಲ್ಲ ಎಂಬುದನ್ನು ಊರು ನೆನಪಿಡುತ್ತದೆ. ಇದನ್ನು ನೋಡಿದವರು 'ಒಂಟಿ ಪಾಶ್ಚಾತ್ಯ ಮನುಷ್ಯ' ಎಂದು ಇನ್ನು ಬರೆಯಲಾರರು.

ಮಾತಾಡಿಸುವಾಗ ನೇರವಾಗಿ ಕೇಳಬೇಡಿ. "ನೀವು ಯಾಕೆ ಮದುವೆಯಾಗಲಿಲ್ಲ" ಎಂದರೆ ಮಾತು ಅಲ್ಲಿಗೇ ಮುಗಿಯಿತು. "ಮನೆಯಲ್ಲಿ ಎಷ್ಟು ಜನ ಇದ್ದಿರಿ, ಯಾರು ಯಾರು ಎಲ್ಲಿಗೆ ಹೋದರು" ಎಂದು ಕೇಳಿ. ನಮ್ಮಲ್ಲಿಯ ಅಜ್ಜ ಒಬ್ಬರು ಹಾಗೆ ಕೇಳಿದಾಗ ಬೆರಳು ಮಡಿಸಿ ಲೆಕ್ಕ ಹೇಳಿದರು. ಇಬ್ಬರು ಅಮೆರಿಕಕ್ಕೆ, ಮೂವರು ಇಂಗ್ಲೆಂಡಿಗೆ, ಒಬ್ಬಳು ಕಾನ್ವೆಂಟಿಗೆ. ಕೊನೆಯ ಬೆರಳು ತೋರಿಸಿ, "ಇದು ಹಸುಗಳ ಜೊತೆ ಉಳಿಯಿತು" ಎಂದರು. ಇದನ್ನು ಬರೆಯಲು ಅವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ, ಊರಿನ ಹೆಸರು ಬಿಟ್ಟಿದ್ದೇನೆ. ನೀವೂ ಹಾಗೇ ಮಾಡಿ. 1970ರ ದಶಕದಲ್ಲಿ ಅಮೆರಿಕದ ನ್ಯಾನ್ಸಿ ಶೆಪರ್ ಹ್ಯೂಸ್ ಕೆರ‍್ರಿ ಕೌಂಟಿಯ ಒಂದು ಹಳ್ಳಿಯ ಮಾನಸಿಕ ಕಾಯಿಲೆಗಳ ಬಗ್ಗೆ ಬರೆದರು. ಹೆಸರು ಮರೆಮಾಚಿದ್ದರೂ ಊರಿನವರು ತಮ್ಮನ್ನು ತಾವು ಗುರುತಿಸಿಕೊಂಡರು, ನೊಂದರು. ವರ್ಷಗಳ ನಂತರ ಅವರು ತಿರುಗಿ ಹೋದಾಗ ಹಳ್ಳಿ ಅವರನ್ನು ಹೊರಗೆ ಕಳಿಸಿತು.

ಇನ್ನು 'ಇಲ್ಲಿ ಮಕ್ಕಳು ಹೆತ್ತವರನ್ನು ನೋಡುವುದಿಲ್ಲ' ಎಂಬ ಮಾತು. ದಿನವೂ ಆ ಹೆತ್ತವರ ಜೊತೆ ಇರುವವಳಾಗಿ ಹೇಳುತ್ತೇನೆ, ಇದನ್ನು ಬರೆಯಬೇಡಿ. ಹೆಚ್ಚಿನ ಹಿರಿಯರು ತಮ್ಮ ಮನೆಯಲ್ಲೇ ಇದ್ದಾರೆ. 2022ರ ಗಣತಿಯಲ್ಲಿ ಸುಮಾರು 3 ಲಕ್ಷ ಜನ ಸಂಬಳವಿಲ್ಲದೆ ಯಾರದೋ ಆರೈಕೆ ಮಾಡುತ್ತಿರುವುದಾಗಿ ಬರೆಸಿದ್ದಾರೆ. ನರ್ಸಿಂಗ್ ಹೋಮ್ ಸೇರುವವರಿಗೆ 2009ರಿಂದ ಸರ್ಕಾರದ ಒಂದು ಯೋಜನೆ ಇದೆ. ಆದಾಯದ ಶೇ. 80, ಆಸ್ತಿ ಬೆಲೆಯ ಶೇ. 7.5 ವರ್ಷಕ್ಕೆ ಕಟ್ಟಬೇಕು, ಮನೆಯ ಲೆಕ್ಕ ಮೂರು ವರ್ಷಕ್ಕೆ ನಿಲ್ಲುತ್ತದೆ. ಹೊಲಕ್ಕೂ ಆ ಮಿತಿ ಬೇಕೆಂದು ರೈತರು ಬಹಳ ವರ್ಷ ಹೋರಾಡಿ 2021ರಲ್ಲಿ ಪಡೆದರು. ಜಮೀನು ಯಾರಿಗೆ ಎಂಬ ಹಳೆಯ ಪ್ರಶ್ನೆ ಈಗ ಈ ಅರ್ಜಿಗಳೊಳಗೆ ಬದುಕಿದೆ.

ಹಗುರವಾಗಿ ಹೋಲಿಸಬಾರದ ಎರಡು ವಿಷಯ

ಒಂದು, ಟ್ರಾವೆಲರ್ ಸಮುದಾಯ, ಅಂದರೆ ಹಿಂದಿನಿಂದ ಊರೂರು ಅಲೆಯುತ್ತಾ ಬಾಳಿದ ಐರಿಷ್ ಜನ. 2022ರಲ್ಲಿ ಇವರ ಸಂಖ್ಯೆ ಸುಮಾರು 33 ಸಾವಿರ. 2010ರ ಆರೋಗ್ಯ ಅಧ್ಯಯನದ ಪ್ರಕಾರ ಇವರ ಗಂಡಸರ ಆಯಸ್ಸು ಉಳಿದವರಿಗಿಂತ 15 ವರ್ಷ ಕಡಿಮೆ. ಓದಿದ ಕೂಡಲೇ "ಇದು ಅವರ ಜಾತಿ ಪದ್ಧತಿ" ಎಂದು ಬರೆಯಲು ಕೈ ಓಡುತ್ತದೆ. ತಡೆಯಿರಿ. ಒಳಗೊಳಗೇ ಮದುವೆ, ಊರ ಅಂಚಿನ ವಾಸ, ಹೋಟೆಲಿನಲ್ಲಿ ಜಾಗ ಇಲ್ಲ ಎನ್ನುವುದು, ಇವೆಲ್ಲ ಹೋಲುತ್ತವೆ. ಆದರೆ ಮೇಲಿಂದ ಕೆಳಗಿನವರೆಗೆ ಇಡೀ ಸಮಾಜವನ್ನು ಜೋಡಿಸಿದ ಏಣಿ ಇಲ್ಲಿಲ್ಲ. ಟ್ರಾವೆಲರ್‌ಗಳೂ ಬಹುಪಾಲು ಕ್ಯಾಥೊಲಿಕರೇ. 2017ರಲ್ಲಿ ಅವರು ಪಡೆದದ್ದು ಪ್ರತ್ಯೇಕ ಜನಾಂಗೀಯ ಗುಂಪು ಎಂಬ ಮನ್ನಣೆ. ಏನು ಹೋಲುತ್ತದೆ, ಏನು ಹೋಲುವುದಿಲ್ಲ, ಎರಡನ್ನೂ ಬರೆದರೆ ಮಾತ್ರ ಅದು ಹೋಲಿಕೆ.

ಇನ್ನೊಂದು, ಸವಿತಾ ಹಾಲಪ್ಪನವರ್. ನಮ್ಮ ಬೆಳಗಾವಿಯ ದಂತವೈದ್ಯೆ. 2012ರ ಅಕ್ಟೋಬರ್ 28ರಂದು ಗಾಲ್ವೇಯಲ್ಲಿ, ಗರ್ಭ ಉಳಿಯುವುದಿಲ್ಲ ಎಂದು ಗೊತ್ತಾದ ಮೇಲೂ ಗರ್ಭಪಾತ ಸಿಗದೆ, ನಂಜೇರಿ ತೀರಿಕೊಂಡರು. 31 ವರ್ಷ. 2018ರ ಜನಮತದ ಹೊತ್ತಿಗೆ ಡಬ್ಲಿನ್ನಿನ ಗೋಡೆಯ ಮೇಲೆ ಅವರ ಚಿತ್ರ ಬರೆದಿದ್ದರು, ಜನ ಅದಕ್ಕೆ ಚೀಟಿಗಳನ್ನು ಅಂಟಿಸಿ ಹೋಗುತ್ತಿದ್ದರು. ಶೇ. 66 ಜನ ಗರ್ಭಪಾತವನ್ನು ತಡೆದಿದ್ದ ಹಳೆಯ ಸಂವಿಧಾನ ತಿದ್ದುಪಡಿಯನ್ನು ತೆಗೆದುಹಾಕಲು ವೋಟು ಹಾಕಿದರು. ವಿದ್ಯಾರ್ಥಿಗಳು ಬರೆಯುತ್ತಾರೆ, ಒಂದು ಸಾವು ಕಾನೂನು ಬದಲಿಸಿತು ಅಂತ. ಅಷ್ಟು ಸರಳವಲ್ಲ. ಆ ತಿದ್ದುಪಡಿ ಬಂದದ್ದು 1983ರಲ್ಲಿ, ಅವತ್ತಿಂದಲೇ ಅದರ ವಿರುದ್ಧ ಹೆಂಗಸರು ಬೀದಿಯಲ್ಲಿದ್ದರು. ಚರ್ಚಿನವರಿಂದ ಮಕ್ಕಳ ಮೇಲೆ ನಡೆದ ದೌರ್ಜನ್ಯದ ವರದಿಗಳು 2009ರ ಹೊತ್ತಿಗೆ ಚರ್ಚಿನ ಮಾತಿನ ತೂಕ ಕಳೆದಿದ್ದವು. ಕಿಡಿ ಯಾವುದು, ಕಾರಣ ಯಾವುದು ಎಂದು ಬೇರೆ ಮಾಡಿ ಬರೆಯಿರಿ. ಹಾಗೆ ಬರೆಯುವಾಗ ಆ ಮನೆಯವರ ದುಃಖವನ್ನು ಬರೀ ಉದಾಹರಣೆ ಮಾಡಬೇಡಿ.

ಬರೆದು ಮುಗಿಸುವ ಮುಂಚೆ ಒಂದು ಪರೀಕ್ಷೆ

ನಮ್ಮ ಸಂವಿಧಾನದ ರಾಜ್ಯನೀತಿಯ ನಿರ್ದೇಶಕ ತತ್ವಗಳಿಗೆ ಮಾದರಿ 1937ರ ಐರಿಷ್ ಸಂವಿಧಾನ ಎಂದು ನೀವೆಲ್ಲ ಓದಿದ್ದೀರಿ. ಅದೇ ಸಂವಿಧಾನದ 41ನೇ ವಿಧಿಯಲ್ಲಿ, ಮನೆಯೊಳಗಿನ ಹೆಂಗಸಿನ ಬಾಳು ದೇಶಕ್ಕೆ ಆಧಾರ, ತಾಯಂದಿರು ಬಡತನದಿಂದಾಗಿ ಮನೆ ಬಿಟ್ಟು ದುಡಿಯಬೇಕಾಗಬಾರದು ಎಂಬ ಅರ್ಥದ ಮಾತಿದೆ. ಅದನ್ನು ತೆಗೆದು ಬೇರೆ ಮಾತು ಹಾಕಲು 2024ರ ಮಾರ್ಚ್‌ನಲ್ಲಿ ಜನಮತ ನಡೆಯಿತು. ದೊಡ್ಡ ಪಕ್ಷಗಳೆಲ್ಲ ಹೌದು ಅನ್ನಿ ಎಂದವು. ಶೇ. 74ರಷ್ಟು ಜನ ಬೇಡ ಅಂದರು. ಹಳೆಯ ಕಾಲದವರು ಮಾತ್ರ ಹಾಗೆ ಹಾಕಿದರು ಎಂದರೆ ಲೆಕ್ಕ ಕೂಡುವುದಿಲ್ಲ. ಅಂಗವಿಕಲರ ಪರ ಹೋರಾಡುವವರಲ್ಲೂ ಹಲವರು ವಿರೋಧಿಸಿದರು. ಆರೈಕೆಯ ಹೊರೆಯನ್ನು ಹೊಸ ಮಾತು ಮನೆಯವರ ತಲೆಗೇ ಕಟ್ಟುತ್ತದೆ ಎಂಬುದು ಅವರ ಆತಂಕ.

'ಐರ್ಲೆಂಡ್ ಸಂಪ್ರದಾಯದಿಂದ ಆಧುನಿಕತೆಗೆ ಸಾಗಿತು' ಎಂಬ ಸಾಲು ನಿಮ್ಮ ಪ್ರಬಂಧದ ಕೊನೆಯಲ್ಲಿದ್ದರೆ, ಈ ಮತದಾನವನ್ನು ಅದರ ಪಕ್ಕದಲ್ಲಿ ಇಟ್ಟು ನೋಡಿ. 1995, 2015, 2018, 2024, ನಾಲ್ಕನ್ನೂ ವಿವರಿಸುವ ಹಾಗೆ ಆ ಸಾಲನ್ನು ತಿದ್ದಿ ಬರೆಯಿರಿ. ಆಮೇಲೆ ನನಗೆ ಕಳಿಸಿ, ರಾತ್ರಿ ಪಾಳಿ ಮುಗಿದ ಮೇಲೆ ಓದಿ ಉತ್ತರ ಬರೆಯುತ್ತೇನೆ.